ಪಿತ್ತಕೋಶ ತೆಗೆದ ಮೇಲೆ ಕೊಬ್ಬು ಮೈಗೆ ಹತ್ತುತ್ತದೆಯೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ಕಲ್ಲುಗಳಾಗಿದ್ದ ಕಾರಣ ನಮ್ಮ ತಾಯಿಯವರ ಪಿತ್ತಕೋಶವನ್ನು ಕೆಲವು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದಾರೆ. ಇನ್ನು ಜಿಡ್ಡಿನ ಪದಾರ್ಥ ಮೈಗೆ ಹತ್ತುವುದೇ ಇಲ್ಲವೆಂದು ನೆಂಟರೊಬ್ಬರು ಹೇಳಿದ್ದರಿಂದ ಅವರು ತುಪ್ಪ, ಕಡಲೆಕಾಯಿ, ಒಗ್ಗರಣೆಯ ಎಣ್ಣೆಯನ್ನು ಕೂಡ ಬಿಟ್ಟಿದ್ದಾರೆ. ಇದು ಸರಿಯೇ?

ಉತ್ತರ: ನಮಸ್ಕಾರ. ಹೀಗೆ ಪೂರ್ತಿಯಾಗಿ ಬಿಡುವ ಅಗತ್ಯ ಖಂಡಿತ ಇಲ್ಲ. ಪಿತ್ತರಸವನ್ನು ತಯಾರಿಸುವುದು ಯಕೃತ್ತೇ ಹೊರತು ಪಿತ್ತಕೋಶವಲ್ಲ. ಪಿತ್ತಕೋಶವು ಅದನ್ನು ಗಟ್ಟಿಗೊಳಿಸಿ ಕೂಡಿಟ್ಟು, ಜಿಡ್ಡಿನ ಊಟ ಬಂದಾಗ ಹೆಚ್ಚಾಗಿ ಹೊರಬಿಡುತ್ತಿತ್ತು. ಈಗ ಅದು ಸ್ವಲ್ಪ ಸ್ವಲ್ಪವಾಗಿ ನೇರ ಸಣ್ಣ ಕರುಳಿಗೆ ಹರಿಯುತ್ತದೆ. ಆದ್ದರಿಂದ ಒಂದೇ ಊಟದಲ್ಲಿ ಹೆಚ್ಚು ಕೊಬ್ಬು ಸೇರಿದರೆ ತೊಂದರೆಯಾಗಬಹುದು, ಮೂರು ಹೊತ್ತಿಗೂ ಹಂಚಿ ತಿಂದರೆ ಸಾಮಾನ್ಯವಾಗಿ ಆಗುವುದಿಲ್ಲ.

ಕೊಬ್ಬು ನೀರಿನಲ್ಲಿ ಕರಗದಿರುವುದರಿಂದ ಅದರ ದಾರಿಯೇ ಬೇರೆ. ಪಿತ್ತರಸದ ಲವಣಗಳು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದಾಗ, ಮೇದೋಜೀರಕ ಗ್ರಂಥಿಯಿಂದ ಬರುವ ಲೈಪೇಸ್ ಎಂಬ ಕಿಣ್ವವು ಅವುಗಳನ್ನು ಕೊಬ್ಬಿನಾಮ್ಲ ಮತ್ತು ಮಾನೊಗ್ಲಿಸರೈಡ್‌ಗಳಾಗಿ ವಿಭಜಿಸುತ್ತದೆ. ಅದೇ ಲವಣಗಳು ಇವನ್ನು ಮೈಸೆಲ್ ಎಂಬ ಅತಿ ಸೂಕ್ಷ್ಮ ಕಣಗಳಲ್ಲಿ ಹೊತ್ತು ಕರುಳಿನ ಒಳಪದರದ ಜೀವಕೋಶಗಳ ಬಳಿಗೆ ಒಯ್ಯುತ್ತವೆ. ಒಳಹೊಕ್ಕ ಮೇಲೆ ಅವು ಪುನಃ ಕೊಬ್ಬಾಗಿ ಕೂಡಿಕೊಂಡು, ಪ್ರೋಟೀನ್ ಮತ್ತು ಫಾಸ್ಫೊಲಿಪಿಡ್‌ಗಳ ಹೊದಿಕೆ ಪಡೆದು ಕೈಲೊಮೈಕ್ರಾನ್‌ಗಳಾಗುತ್ತವೆ. ಗ್ಲೂಕೋಸ್ ಮತ್ತು ಅಮೈನೊ ಆಮ್ಲಗಳು ನೇರವಾಗಿ ರಕ್ತಕ್ಕೆ ಸೇರಿ ಮೊದಲು ಯಕೃತ್ತಿಗೆ ಹೋದರೆ, ಕೈಲೊಮೈಕ್ರಾನ್‌ಗಳು ಸೂಕ್ಷ್ಮ ರಕ್ತನಾಳಗಳಿಗೆ ತೂರಲಾರದಷ್ಟು ದೊಡ್ಡವಾದ್ದರಿಂದ ದುಗ್ಧನಾಳಗಳ (ರಕ್ತನಾಳಗಳಿಂದ ಬೇರೆಯಾಗಿ ಲಿಂಫ್ ಎಂಬ ದ್ರವವನ್ನು ಒಯ್ಯುವ ನಾಳಗಳ) ಮೂಲಕ ಎದೆಯನ್ನು ದಾಟಿ, ಕತ್ತಿನ ಎಡಬುಡದ ಹತ್ತಿರ ರಕ್ತವನ್ನು ಕೂಡುತ್ತವೆ. ಈ ಇಡೀ ವ್ಯವಸ್ಥೆಯಲ್ಲಿ ನಿಮ್ಮ ತಾಯಿಯವರು ಕಳೆದುಕೊಂಡಿರುವುದು ಪಿತ್ತರಸವನ್ನು ಕೂಡಿಡುವ ಚೀಲವೊಂದನ್ನು ಮಾತ್ರ.

ಮರುಪ್ರಶ್ನೆ: ಬಹಳ ಉಪಕಾರವಾಯಿತು. ಊಟವಾದ ಕೂಡಲೇ ಅವರಿಗೆ ಆಗಾಗ ಭೇದಿಯಾಗುತ್ತದೆ. ವಾರಕ್ಕೊಮ್ಮೆ 60,000 ಯೂನಿಟ್‌ನ ವಿಟಮಿನ್ ಡಿ ಬರೆದುಕೊಟ್ಟಿದ್ದಾರೆ, ಅದನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಾರೆ.

ಉತ್ತರ: ಪಿತ್ತಲವಣಗಳಲ್ಲಿ ಸುಮಾರು 95 ಶೇಕಡವನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಂಡು ಯಕೃತ್ತಿಗೆ ಹಿಂದಿರುಗಿಸುತ್ತದೆ. ಸದಾ ಹರಿಯುತ್ತಿರುವಾಗ ಹೆಚ್ಚಿನ ಪಾಲು ದೊಡ್ಡ ಕರುಳಿಗೆ ಜಾರಿದರೆ ಅಲ್ಲಿ ನೀರು ಸ್ರವಿಸಿ ಭೇದಿಯಾಗುತ್ತದೆ. ಹಲವರಲ್ಲಿ ಇದು ಕಾಲಕ್ರಮೇಣ ತಗ್ಗುತ್ತದೆ. ಕೆಲವು ತಿಂಗಳಾದರೂ ತಗ್ಗದಿರುವುದರಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತಿಳಿಸಿ, ಪಿತ್ತಲವಣವನ್ನು ಹಿಡಿದಿಡುವ ಔಷಧಗಳಿವೆ.

ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನೊಡನೆಯೇ ಹೀರಲ್ಪಡುವುದರಿಂದ ಡಿ ವಿಟಮಿನ್ನನ್ನು ತುಪ್ಪವೋ ಎಣ್ಣೆಯೋ ಇರುವ ಮಧ್ಯಾಹ್ನದ ಊಟದ ಜೊತೆಗೆ ಕೊಡಿ. ಮಲವು ಜಿಡ್ಡುಜಿಡ್ಡಾಗಿ, ದುರ್ನಾತದಿಂದ ಕೂಡಿದ್ದು, ತೂಕವೂ ಇಳಿಯುತ್ತಿದ್ದರೆ ಮೇದೋಜೀರಕ ಗ್ರಂಥಿಯ ಅಥವಾ ಕರುಳಿನ ಬೇರೆ ಕಾಯಿಲೆಯನ್ನು ಹುಡುಕಬೇಕಾಗುತ್ತದೆ. ಜ್ವರ ಅಥವಾ ಕಾಮಾಲೆ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.