ಮೆಷಿನ್ ಎದುರು ಚೆನ್ನಾಗಿ ಹೊಡೆಯುವ ಮಗ ಪಂದ್ಯದಲ್ಲಿ ಯಾವಾಗಲೂ ಲೇಟ್: ಲೋಡ್ (ಬೀಸುವ ಮುಂಚಿನ ತಯಾರಿ) ಸಮಸ್ಯೆನಾ?

ಪ್ರಶ್ನೆ:
ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ 11 ವರ್ಷ, ಬಲಗೈ ಬ್ಯಾಟರ್. ಈ ವರ್ಷ ಮಕ್ಕಳ ಬೇಸ್‌ಬಾಲ್ ಆಡಿಸುವ ಲಿಟಲ್ ಲೀಗ್‌ನ ಮೇಜರ್ಸ್ ವಿಭಾಗಕ್ಕೆ ಬಂದಿದ್ದಾನೆ. ಬಾಲ್ ಎಸೆಯುವ ಪಿಚಿಂಗ್ ಮೆಷಿನ್ ಎದುರು ನಿಂತರೆ ಬಾಲ್ ಸೀದಾ ಸೆಂಟರ್ ಫೀಲ್ಡಿಗೆ ಹೋಗುತ್ತದೆ. ಪಂದ್ಯದಲ್ಲಿ ಮಾತ್ರ ವೇಗದ ಬಾಲ್‌ಗಳೆಲ್ಲ ಬಲಗಡೆ, ಫಸ್ಟ್ ಬೇಸ್ ಕಡೆಗೆ ಗೆರೆಯಾಚೆ ಫೌಲ್, ಅಂದರೆ ಲೇಟ್. ನಿಧಾನದ ಬಾಲ್ ಬಂದರೆ ಮುಂದಕ್ಕೆ ಮುಗ್ಗರಿಸಿ ಎಡಗಡೆಯ ಫೀಲ್ಡರ್ ಶಾರ್ಟ್‌ಸ್ಟಾಪ್ ಕೈಗೆ ಉರುಳಿಸುತ್ತಾನೆ. ನಾನು ಬೆಂಗಳೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ನನಗೆ ಗೊತ್ತಿರುವುದು ಒಂದೇ ಮಾತು: "ತಡಿ, ಬಾಲ್ ನೋಡಿ ಆಡು." ಬೇಲಿಯ ಹಿಂದೆ ನಿಂತು ಅದನ್ನೇ ಕೂಗುತ್ತಿದ್ದೇನೆ. ಏನೂ ಪ್ರಯೋಜನವಿಲ್ಲ.

ಉತ್ತರ 1:
ಬ್ಯಾಟ್ ಭಾರ ಇರಬಹುದು. ಹಿಡಿಯನ್ನು ಒಂದಿಂಚು ಮೇಲೆ ಹಿಡಿದು ನೋಡಲಿ. ಖರ್ಚಿಲ್ಲದ ಪರೀಕ್ಷೆ.

ಉತ್ತರ 2:
ಭಾರವೇ ಕಾರಣವಾಗಿದ್ದರೆ ಮೆಷಿನ್ ಎದುರೂ ಲೇಟ್ ಆಗಬೇಕಿತ್ತಲ್ವಾ? ನನಗೆ ಅನುಮಾನ ನಿಮ್ಮ "ತಡಿ" ಮೇಲೆಯೇ, ಬೇಜಾರಾಗಬೇಡಿ ಸರ್.

ಲೋಡ್ ಅಂದರೆ ತೂಕ ಹಿಂದಿನ ಕಾಲಿಗೆ ಹೋಗುವುದು, ಕೈ ಹಿಂದಿನ ಭುಜದ ಹತ್ತಿರ ಸರಿಯುವುದು. ಆಮೇಲೆ ಮುಂದಿನ ಪಾದ ಮೆತ್ತಗೆ ನೆಲ ಮುಟ್ಟಬೇಕು. ಬ್ಯಾಟ್ ಬೀಸುವುದು ಅದಾದ ಮೇಲೆ. ನಿಮ್ಮ ಹುಡುಗ, ಬಾಲ್ ಪಿಚರ್ (ಬಾಲ್ ಎಸೆಯುವವನು) ಕೈ ಬಿಟ್ಟ ಮೇಲೆ ಲೋಡ್ ಶುರು ಮಾಡುತ್ತಿದ್ದಾನೆ ಅನಿಸುತ್ತದೆ. ಆಗ ಎಲ್ಲವೂ ಒಟ್ಟಿಗೇ ನಡೆಯಬೇಕು. ವೇಗದ ಬಾಲ್‌ಗೆ ಹೊತ್ತು ಸಾಲುವುದಿಲ್ಲ. ಅವಸರದಲ್ಲಿ ಮೈಯೆಲ್ಲ ಮುಂದಕ್ಕೆ ನುಗ್ಗಿರುತ್ತದೆ, ಹಾಗಾಗಿ ನಿಧಾನದ ಬಾಲ್‌ಗೂ ಕಾಯಲು ಆಗುವುದಿಲ್ಲ. ಎರಡೂ ಒಂದೇ ರೋಗ.

ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ. ಇವರ ಪಿಚರ್ ಎಸೆಯುವುದು 46 ಅಡಿಯಿಂದ. ಗಂಟೆಗೆ 55 ಮೈಲಿ ವೇಗದ ಬಾಲ್ ಸುಮಾರು ಅರ್ಧ ಸೆಕೆಂಡಿನಲ್ಲಿ ಬ್ಯಾಟರ್ ಪಕ್ಕದ ಪ್ಲೇಟ್ ಮೇಲಿರುತ್ತದೆ. ಇನ್ನು ಮೆಷಿನ್‌ಗೆ ಕಾಲೂ ಇಲ್ಲ, ಕೈಯೂ ಇಲ್ಲ. ಪ್ರತಿ ಸಲ ಅದೇ ವೇಗ. ಹತ್ತು ಬಾಲ್ ಆದ ಮೇಲೆ ಯಾರಿಗಾದರೂ ತಾಳ ಸಿಗುತ್ತದೆ. ಅಲ್ಲಿ ಪಿಚರ್‌ನನ್ನು ಓದುವ ಕೆಲಸವೇ ಇಲ್ಲ.

ಪಿಚರ್ ಗ್ಲೌಸಿನಿಂದ ಕೈ ಬಿಡಿಸಿದ ಕೂಡಲೇ ಇವನು ಲೋಡ್ ಶುರು ಮಾಡಲಿ. ಶುರು ಬೇಗ, ಚಲನೆ ಮಾತ್ರ ನಿಧಾನ. ಬಾಲ್ ಅರ್ಧ ದಾರಿ ಬರುವ ಹೊತ್ತಿಗೆ ಮುಂದಿನ ಪಾದ ನೆಲದ ಮೇಲಿರಬೇಕು. ಕಾಯಬೇಕಾದ್ದು ಕೈ, ಕಾಲಲ್ಲ.

ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ಪಿಚರ್ ಮತ್ತು ಮಗ ಇಬ್ಬರೂ ಕಾಣುವ ಹಾಗೆ ಒಂದು ವಿಡಿಯೋ ಮಾಡಿ.

ಪ್ರಶ್ನೆ ಕೇಳಿದವರು:
ಮಾಡಿದೆ. ಎಣಿಸಿ ಎಣಿಸಿ ಕಣ್ಣು ನೋವು ಬಂತು. ಬಾಲ್ ಕೈ ಬಿಟ್ಟಾಗಿನಿಂದ ಪ್ಲೇಟ್‌ಗೆ ಸುಮಾರು 120 ಫ್ರೇಮ್. ಇವನ ಕಾಲು ಮೇಲೇಳುವುದು 50ರ ಹತ್ತಿರ, ನೆಲ ಮುಟ್ಟುವುದು 95ಕ್ಕೆ. ಕಾಲು ಎತ್ತುವುದನ್ನೇ ಬಿಡಿಸಲಾ?

ಉತ್ತರ 2:
ಸಿಕ್ಕಿತಲ್ಲ! ಉಳಿದ 25 ಫ್ರೇಮ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ದೊಡ್ಡವರಿಗೂ ಬ್ಯಾಟ್ ತರಲು ಆಗುವುದಿಲ್ಲ.

ಕಾಲು ಎತ್ತುವುದು ತಪ್ಪಲ್ಲ. ಜಪಾನಿನ ಸದಹರು ಓ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತೇ ಹೊಡೆಯುತ್ತಿದ್ದರು. ಅವರ ಲೆಕ್ಕದಲ್ಲಿ 868 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಇವೆ. ಅದೇ ಜಪಾನಿನ ಒಹ್ತಾನಿ 2018ರಲ್ಲಿ ಅಮೆರಿಕಕ್ಕೆ ಬಂದಾಗ, ಸೀಸನ್ ಶುರುವಾಗುವ ಮುಂಚೆ ಕಾಲೆತ್ತುವುದನ್ನು ಬಿಟ್ಟು ಬರೀ ಹಿಮ್ಮಡಿ ಎತ್ತತೊಡಗಿದರು. ಆ ವರ್ಷ 22 ಹೋಮ್ ರನ್ ಹೊಡೆದರು. ನಿಮ್ಮ ಮಗನಿಗೆ ಸದ್ಯಕ್ಕೆ ಹಿಮ್ಮಡಿಯೇ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಕೋಚ್‌ಗೆ ಒಂದು ಮಾತು ಹೇಳಿ ಮಾಡಿ.

ಮೆಷಿನ್ ಎರಡು ವಾರ ಬೇಡ. ನೀವೇ ಬಲೆಯ ಮರೆಯಲ್ಲಿ ನಿಂತು ಎಸೆಯಿರಿ. ಕೈ ಒಂದೇ ಥರ ಬೀಸಿ, ವೇಗ ಮಾತ್ರ ಬದಲಿಸಿ. ಮೂರರಲ್ಲಿ ಒಂದನ್ನು ಅವನು ಹೊಡೆಯಬಾರದು. ಲೋಡ್ ಮಾಡಿ, ಪಾದ ಇಟ್ಟು, ಬಾಲ್ ಬಿಟ್ಟುಬಿಡಲಿ.

ಪ್ರಶ್ನೆ ಕೇಳಿದವರು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಿನ್ನೆ ಎರಡು ಸಲ ಔಟ್. ಆದರೆ ಒಂದು ವೇಗದ ಬಾಲನ್ನು ಎಡಗಡೆ, ಥರ್ಡ್ ಬೇಸ್ ಕಡೆಗೆ ಫೌಲ್ ಹೊಡೆದ! ಬೇಗ ಹೊಡೆದು ಫೌಲ್ ಆಗಿದ್ದು ಇದೇ ಮೊದಲು. ನಾನು ಚಪ್ಪಾಳೆ ಹೊಡೆದೆ, ಪಕ್ಕದವರು ವಿಚಿತ್ರವಾಗಿ ನೋಡಿದರು. ಪಾದ ಈಗ 65ನೇ ಫ್ರೇಮ್‌ಗೆ ನೆಲ ಮುಟ್ಟುತ್ತಿದೆ. ನಿಧಾನದ ಬಾಲ್‌ಗೆ ಇನ್ನೂ ಸ್ವಲ್ಪ ಮುಗ್ಗರಿಸುತ್ತಾನೆ.

ಉತ್ತರ 2:
ಅದಕ್ಕೆ ಮುಂದಿನ ಮೊಣಕಾಲು ನೋಡಿ. ಪಾದ ಇಟ್ಟ ಮೇಲೂ ಅದು ಪಿಚರ್ ಕಡೆಗೆ ಜಾರುತ್ತಿದೆಯಾ? ಹೊಸ ವಿಡಿಯೋ ಪಕ್ಕದಿಂದ ತೆಗೆಯಿರಿ.