ಪ್ರಶ್ನೋತ್ತರ: ಆರು ಲಕ್ಷ ಸಾಲ ಮಾಡಿ ಎಂಜಿನಿಯರಿಂಗ್ ಓದಿಸಬೇಕೆ?

ಪ್ರಶ್ನೆ (ಪುಣೆಯ ಭೋಸರಿಯಿಂದ ಸದಸ್ಯರೊಬ್ಬರು):

ಮೇಡಂ, ನಮಸ್ಕಾರ. ನಾನು ಬಾಗಲಕೋಟೆ ಕಡೆಯವನು, ಭೋಸರಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಮಷಿನ್ ಆಪರೇಟರ್ ಆಗಿದ್ದೇನೆ. ಮಗ ಈ ವರ್ಷ ಹನ್ನೆರಡನೆಯ ತರಗತಿಯ ವಿಜ್ಞಾನ ವಿಭಾಗದಲ್ಲಿ ಶೇಕಡ 58 ಅಂಕ ಪಡೆದು ಪಾಸಾಗಿದ್ದಾನೆ, ಆದರೆ ಸಿಇಟಿ ಚೆನ್ನಾಗಿ ಆಗಿಲ್ಲ. ಖಾಸಗಿ ಕಾಲೇಜೊಂದರವರು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಮೆಕ್ಯಾನಿಕಲ್ ಸೀಟು ಕೊಡುತ್ತೇವೆ ಎನ್ನುತ್ತಾರೆ. ನಾಲ್ಕು ವರ್ಷಕ್ಕೆ ಎಲ್ಲ ಸೇರಿ ಆರು ಲಕ್ಷ ರೂಪಾಯಿ ಬೇಕು, ಅಷ್ಟನ್ನೂ ಸಾಲ ಮಾಡಬೇಕು. ಊರಿನಲ್ಲಿರುವ ಅಣ್ಣ ಹೊಲ ಒತ್ತೆ ಇಡೋಣ ಎನ್ನುತ್ತಾನೆ. ಆದರೆ ಬಿ.ಇ. ಮುಗಿಸಿದ ಹುಡುಗರು ತಿಂಗಳಿಗೆ ಹದಿನೆಂಟು ಸಾವಿರಕ್ಕೆ ಕಾಂಟ್ರಾಕ್ಟ್ ಮೇಲೆ ನನ್ನ ಪಕ್ಕದ ಮಷಿನ್ ನಡೆಸುವುದನ್ನು ದಿನವೂ ನೋಡುತ್ತೇನೆ. ಹೀಗಿರುವಾಗ ಓದಿಸುವುದರಲ್ಲಿ ಅರ್ಥವಿದೆಯೆ, ಅಥವಾ ಈಗಲೇ ಕೆಲಸಕ್ಕೆ ಹಚ್ಚುವುದು ಒಳ್ಳೆಯದೆ?

ಉತ್ತರ (ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ನೇಮಕಾತಿ ವಿಭಾಗದವರು):

ನಮಸ್ಕಾರ. ತಾವು ದಿನವೂ ಕಾಣುತ್ತಿರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಓದಿಸಿ ಎಂದೇ ಹೇಳುತ್ತೇನೆ. ಈ ಸೀಟಿಗೆ ಈ ಸಾಲ ಮಾತ್ರ ಬೇಡ.

ನಮ್ಮಲ್ಲಿ ಸಂದರ್ಶನಕ್ಕೆ ಬಂದವರ ಮುಂದೆ ಒಂದು ಡ್ರಾಯಿಂಗ್, ಒಂದು ಶಾಫ್ಟ್ (ದುಂಡನೆಯ ಲೋಹದ ದಂಡ) ಮತ್ತು ಸೂಕ್ಷ್ಮವಾಗಿ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್ ಇಡುತ್ತೇವೆ. ಡ್ರಾಯಿಂಗಿನಲ್ಲಿ ವ್ಯಾಸ 25 ಮಿಲಿಮೀಟರ್, ಹೆಚ್ಚು-ಕಡಿಮೆ 0.05 ಎಂದು ಬರೆದಿರುತ್ತದೆ. ಅಳೆದು ನೋಡಿ, ಈ ತುಂಡು ಪಾಸೋ ರಿಜೆಕ್ಟೋ ಹೇಳಬೇಕು, ಅಷ್ಟೆ. ಐಟಿಐಯಲ್ಲಿ ಟರ್ನರ್ ಅಥವಾ ಫಿಟ್ಟರ್ ಕಲಿತು ಬಂದ ಹುಡುಗ ವರ್ನಿಯರ್ ಹಿಡಿಯುವ ರೀತಿಯಲ್ಲೇ ಅವನಿಗೆ ಕೆಲಸ ಗೊತ್ತಿದೆ ಎಂಬುದು ತಿಳಿದುಬಿಡುತ್ತದೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ಹಲವರು ಮುಖ್ಯ ಸ್ಕೇಲನ್ನು ಓದಿ, ವರ್ನಿಯರ್ ಸ್ಕೇಲಿನ ಗೆರೆ ಎಲ್ಲಿ ಕೂಡುತ್ತದೆ ಎಂದು ತಿಳಿಯದೆ ನಿಲ್ಲುತ್ತಾರೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಅವರ ಕೈಗೆ ಉಪಕರಣವೇ ಸರಿಯಾಗಿ ಬಂದಿರುವುದಿಲ್ಲ. ತಮ್ಮ ಪಕ್ಕದ ಮಷಿನ್ನಿನಲ್ಲಿ ಹದಿನೆಂಟು ಸಾವಿರಕ್ಕೆ ನಿಂತಿರುವವರಲ್ಲಿ ಹೆಚ್ಚಿನವರು ಇಂಥ ಕಾಲೇಜುಗಳಿಂದ ಬಂದವರೇ ಇರಬೇಕು.

ಆದರೆ ಅದೇ ಐಟಿಐ ಹುಡುಗನನ್ನು ಆರೇಳು ವರ್ಷದ ಮೇಲೆ ನೋಡಿ. ಗಿರಾಕಿ ಕಂಪನಿಯಿಂದ ಇನ್ನೂರು ತುಂಡು ರಿಜೆಕ್ಟ್ ಆಗಿ ಹಿಂದಿರುಗಿದಾಗ, ದೋಷ ಟೂಲಿನ ಸವೆತದಿಂದ ಬಂದಿತೋ, ಕಚ್ಚಾಮಾಲಿನಿಂದ ಬಂದಿತೋ ಎಂದು ಲೆಕ್ಕ ಹಾಕಿ, ಕಾರಣವನ್ನು ಇಂಗ್ಲಿಷಿನಲ್ಲಿ ಬರೆದು, ಗಿರಾಕಿಯ ಎದುರು ಕುಳಿತು ವಿವರಿಸಬೇಕಾಗುತ್ತದೆ. ದೋಷ ಎಲ್ಲಿದೆ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ, ಆದರೆ ವರದಿ ಬರೆಯುವ ಕೆಲಸ ಬೇರೆಯವರಿಗೆ ಹೋಗುತ್ತದೆ, ವರದಿ ಬರೆದವರೇ ಮುಂದೆ ಸೂಪರ್‌ವೈಸರ್ ಆಗುತ್ತಾರೆ. ಎಷ್ಟೋ ಕಾರ್ಖಾನೆಗಳಲ್ಲಿ ಆ ಹುದ್ದೆಗೆ ಡಿಪ್ಲೊಮಾ ಅಥವಾ ಪದವಿ ಇರಲೇಬೇಕೆಂಬ ನಿಯಮವಿದೆ. ಒಳ್ಳೆಯ ಕೆಲಸಗಾರರು ವರ್ಷಗಟ್ಟಲೆ ಒಂದೇ ಗ್ರೇಡಿನಲ್ಲಿ ಉಳಿದುಬಿಡುವುದನ್ನು ನೋಡಿ ನನಗೆ ಬಹಳ ನೋವಾಗಿದೆ. ಪದವಿಯ ಬೆಲೆಯನ್ನು ಮೊದಲ ಸಂಬಳದಿಂದ ಅಳೆಯಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಅದರ ಪ್ರಯೋಜನ ಬಡ್ತಿಯ ಹೊತ್ತಿಗೆ ಕಾಣುತ್ತದೆ.

ಇನ್ನು ಸಾಲದ ಲೆಕ್ಕ. ಆರು ಲಕ್ಷವನ್ನು ಶೇಕಡ 10ರ ಬಡ್ಡಿಯಲ್ಲಿ ಏಳು ವರ್ಷ ತೀರಿಸುವುದಾದರೆ ತಿಂಗಳ ಕಂತು ಹತ್ತಿರ ಹತ್ತಿರ ಹತ್ತು ಸಾವಿರ ರೂಪಾಯಿ ಆಗುತ್ತದೆ. ಓದುವ ಅವಧಿಯ ಬಡ್ಡಿ ಇದರಲ್ಲಿ ಸೇರಿಲ್ಲ. ಹದಿನೆಂಟು ಸಾವಿರ ಸಂಬಳದಲ್ಲಿ ಹತ್ತು ಸಾವಿರ ಕಂತಿಗೆ ಹೋದರೆ, ಹುಡುಗ ಕಡಿಮೆ ಸಂಬಳದ ಒಳ್ಳೆಯ ಕಲಿಕೆಯ ಕೆಲಸವನ್ನು ಆರಿಸಿಕೊಳ್ಳುವ ಸ್ಥಿತಿಯಲ್ಲೇ ಇರುವುದಿಲ್ಲ, ಸಿಕ್ಕಿದ್ದಕ್ಕೆ ಸೇರಿಬಿಡುತ್ತಾನೆ. ಹೊಲವನ್ನಂತೂ ಒತ್ತೆ ಇಡಬೇಡಿ. ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲವನ್ನು ಒತ್ತೆಯಿಲ್ಲದೆ ಕೊಡಲು ಕೇಂದ್ರ ಸರ್ಕಾರದ ಖಾತರಿ ಯೋಜನೆಯೇ ಇದೆ. ಮ್ಯಾನೇಜ್‌ಮೆಂಟ್ ಕೋಟಾ ಎಂದಾಗ ಬ್ಯಾಂಕಿನವರು ಹಿಂದೆ ಮುಂದೆ ನೋಡುವುದುಂಟು.

ತಮ್ಮ ಮಗನಿಗೆ ಇರುವ ಒಳ್ಳೆಯ ದಾರಿ ಡಿಪ್ಲೊಮಾ. ವಿಜ್ಞಾನದಲ್ಲಿ ಹನ್ನೆರಡನೆಯ ತರಗತಿ ಪಾಸಾದವರನ್ನು ಮಹಾರಾಷ್ಟ್ರದ ಪಾಲಿಟೆಕ್ನಿಕ್‌ಗಳಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಇದು ಅನೇಕ ಪಾಲಕರಿಗೆ ಗೊತ್ತೇ ಇಲ್ಲ. ಎರಡು ವರ್ಷದಲ್ಲಿ ಡಿಪ್ಲೊಮಾ ಮುಗಿಯುತ್ತದೆ. ಸರ್ಕಾರಿ ಪಾಲಿಟೆಕ್ನಿಕ್ ಸಿಕ್ಕರೆ ಶುಲ್ಕ ಖಾಸಗಿ ಕಾಲೇಜಿನ ಸಣ್ಣದೊಂದು ಭಾಗ. ಅಲ್ಲಿಂದ ಅವನು ಕೆಲಸಕ್ಕೆ ಸೇರಬಹುದು, ರೈಲ್ವೆಯ ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ಕೂರಬಹುದು, 1961ರ ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ ಸ್ಟೈಪೆಂಡ್ ಪಡೆದು ಕಾರ್ಖಾನೆಯಲ್ಲಿ ಕಲಿಯಬಹುದು, ಅಥವಾ ಒಳ್ಳೆಯ ಅಂಕ ಬಂದರೆ ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪದವಿಗೆ ಒಟ್ಟು ಐದು ವರ್ಷವಾಗುತ್ತದೆ, ಒಂದು ವರ್ಷ ಹೆಚ್ಚು. ಆದರೆ ನಡುವೆ ಮನೆಯಲ್ಲಿ ತೊಂದರೆ ಬಂದು ಓದು ನಿಂತರೂ ಅವನ ಕೈಯಲ್ಲಿ ಡಿಪ್ಲೊಮಾ ಉಳಿಯುತ್ತದೆ. ಎಂಜಿನಿಯರಿಂಗನ್ನು ಮೂರನೆಯ ವರ್ಷದಲ್ಲಿ ಬಿಟ್ಟು ಬಂದವನಿಗೆ ನಮ್ಮಂಥ ಕಾರ್ಖಾನೆಗಳಲ್ಲಿ ಹನ್ನೆರಡನೆಯ ತರಗತಿ ಪಾಸಾದವನ ಸ್ಥಾನವೇ ಸಿಗುತ್ತದೆ.

ಸೇರುವ ಮೊದಲು ಒಂದು ದಿನ ಮಗನನ್ನು ಕರೆದುಕೊಂಡು ಹೋಗಿ ಕಾಲೇಜಿನ ವರ್ಕ್‌ಶಾಪ್ ನೋಡಿ ಬನ್ನಿ. ಲೇಥ್ ಯಂತ್ರದ ಮೇಲೆ ಧೂಳು ಕೂತಿದೆಯೋ, ಬುಡದಲ್ಲಿ ಲೋಹದ ಹೊಸ ಚೂರು ಬಿದ್ದಿದೆಯೋ ಎಂಬುದನ್ನು ಗುರುತಿಸಲು ತಮಗಿಂತ ಬಲ್ಲವರು ಬೇಕಿಲ್ಲ. ಪ್ಲೇಸ್‌ಮೆಂಟ್ ಎಂದು ಗೋಡೆಯ ಮೇಲೆ ಹಾಕಿರುವ ಫೋಟೋಗಳಿಗಿಂತ ಅದನ್ನು ನಂಬಿ.

ಪ್ರತಿಕ್ರಿಯೆ (ಡೊಂಬಿವಲಿಯಿಂದ, ಹೋಟೆಲ್ ಉದ್ಯಮಿಯೊಬ್ಬರು):

ಹತ್ತನೆಯ ತರಗತಿಯನ್ನೂ ಮುಗಿಸದೆ ಮುಂಬೈಗೆ ಬಂದು ಹೋಟೆಲ್ ಕಟ್ಟಿದವರು ನಮ್ಮ ಉಡುಪಿ-ಮಂಗಳೂರು ಕಡೆಯವರಲ್ಲಿ ಎಷ್ಟೋ ಜನ ಇದ್ದಾರೆ. ಪದವೀಧರರೇ ನಿರುದ್ಯೋಗಿಗಳಾಗಿ ತಿರುಗುತ್ತಿರುವಾಗ ಕಾಲೇಜಿನ ಮೇಲೆ ಇಷ್ಟು ಭರವಸೆ ಏಕೆ?

ಉತ್ತರ:

ಆ ಹಿರಿಯರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅವರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು, ಮುಂದೆ ತಮ್ಮ ಮಕ್ಕಳನ್ನು ಕಾಲೇಜಿಗೆ ಕಳುಹಿಸಿದವರು. ಓದು ಬೇಡ ಎಂದು ಅವರು ಬಿಟ್ಟದ್ದಲ್ಲ. ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಹೆಚ್ಚು ಎಂಬುದನ್ನು ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಗಳೂ ತೋರಿಸುತ್ತವೆ. ಆದರೆ ಓದದವರಿಗೆ ಒಳ್ಳೆಯ ಕೆಲಸ ಸಿಗುತ್ತಿದೆ ಎಂದು ಅದರ ಅರ್ಥವಲ್ಲ. ಬಡವರ ಮನೆಯ ಹುಡುಗ ಕೆಲಸಕ್ಕಾಗಿ ಕಾಯುತ್ತ ಕೂರಲಾರ, ಸಿಕ್ಕ ಕೂಲಿಗೆ ಹೋಗುತ್ತಾನೆ, ಆಗ ಅವನು ನಿರುದ್ಯೋಗಿಗಳ ಲೆಕ್ಕದಲ್ಲಿ ಬರುವುದಿಲ್ಲ. ತಮ್ಮ ಮಗ ಹೋಟೆಲನ್ನೇ ಮುಂದುವರಿಸುವವನಾಗಿದ್ದು, ಗಲ್ಲಾದಲ್ಲಿ ಕೂರುವ ಮೊದಲು ಅಡುಗೆಮನೆಯಲ್ಲೂ ನಿಲ್ಲಲು ಸಿದ್ಧನಿದ್ದರೆ ಅವನಿಗೆ ಕಾಲೇಜು ಅನಿವಾರ್ಯ ಎಂದು ನಾನು ಹೇಳುವುದಿಲ್ಲ. ಬೆನ್ನ ಹಿಂದೆ ತಂದೆಯ ಬಂಡವಾಳವಿಲ್ಲದ ಹುಡುಗನಿಗೆ ಆ ಮಾತು ಹೊಂದುವುದಿಲ್ಲ.

ಪ್ರಶ್ನೆ (ಠಾಣೆಯಿಂದ, ತಾಯಿಯೊಬ್ಬರು):

ಮೇಡಂ, ಮಗಳು ವಾಣಿಜ್ಯ ವಿಭಾಗದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ. ಪರಿಚಯದವರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಬರಿಯ ಬಿ.ಕಾಂ. ಮಾಡಿ ಏನು ಪ್ರಯೋಜನ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ಉತ್ತರ:

ಎರಡನ್ನೂ ಮಾಡಿಸಿ, ಅಕ್ಕ. ಮುಂಬೈ ಮತ್ತು ಠಾಣೆಯ ಎಷ್ಟೋ ಕಾಲೇಜುಗಳಲ್ಲಿ ಬಿ.ಕಾಂ. ತರಗತಿಗಳು ಬೆಳಗ್ಗೆ ಬೇಗ ನಡೆದು ಮಧ್ಯಾಹ್ನಕ್ಕೆ ಮೊದಲೇ ಮುಗಿಯುತ್ತವೆ. ಬರಿಯ ಬಿ.ಕಾಂ.ಗೆ ಬೆಲೆ ಕಡಿಮೆ ಎಂಬುದು ಸರಿ, ಆದರೆ ಬ್ಯಾಂಕ್ ಆಫೀಸರ್ ಪರೀಕ್ಷೆಗೆ ಪದವಿ ಇಲ್ಲದೆ ಅರ್ಜಿಯನ್ನೇ ಹಾಕಲಾಗುವುದಿಲ್ಲ. ಮೂರು ವರ್ಷ ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕ ಮಾಡಿದ ಅನುಭವದೊಂದಿಗೆ ಪದವಿ ಪಡೆದವಳನ್ನು ಯಾವ ಕಚೇರಿಯೂ ಹೊಸಬಳೆಂದು ಕಾಣುವುದಿಲ್ಲ. ಹಾಜರಾತಿ ಕಷ್ಟವಾದರೆ ನಾಸಿಕದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯವಿದೆ. ಅದರ ಪದವಿಯೂ ಈ ಪರೀಕ್ಷೆಗಳಿಗೆ ನಡೆಯುತ್ತದೆ.

ಪ್ರಶ್ನೆ (ಭೋಸರಿಯ ಸದಸ್ಯರು ಮತ್ತೆ):

ತುಂಬ ಉಪಕಾರವಾಯಿತು ಮೇಡಂ. ಡಿಪ್ಲೊಮಾಕ್ಕೇ ಅರ್ಜಿ ಹಾಕಿಸುತ್ತೇನೆ. ನಮ್ಮ ಜಾತಿ ಪ್ರಮಾಣಪತ್ರ ಕರ್ನಾಟಕದ್ದು, ಇಲ್ಲಿ ನಡೆಯುತ್ತದೆಯೆ?

ಉತ್ತರ:

ಮಹಾರಾಷ್ಟ್ರದ ರಾಜ್ಯ ಮೀಸಲಾತಿಗೆ ಅದು ನಡೆಯುವುದಿಲ್ಲ. ಇಲ್ಲಿಯ ಮೀಸಲಾತಿ ಸಿಗಬೇಕಾದರೆ ಕುಟುಂಬ ಇಲ್ಲಿ ಬಹಳ ಹಿಂದೆಯೇ ನೆಲೆಸಿರಬೇಕು: ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10, ಇತರ ಹಿಂದುಳಿದ ವರ್ಗದವರಿಗೆ 1967ರ ಅಕ್ಟೋಬರ್ 13ಕ್ಕೆ ಮೊದಲಿನ ದಾಖಲೆ ಕೇಳುತ್ತಾರೆ. ಇಲ್ಲದಿದ್ದರೆ ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕಿ. ಹದಿನೈದು ವರ್ಷದ ವಾಸದ ಆಧಾರದ ಮೇಲೆ ಡೊಮಿಸೈಲ್ ಪ್ರಮಾಣಪತ್ರ, ಜೊತೆಗೆ ತಹಸೀಲ್ದಾರರಿಂದ ಆದಾಯ ಪ್ರಮಾಣಪತ್ರ ಮಾಡಿಸಿಡಿ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ, ಸರ್ಕಾರದ ಕೇಂದ್ರೀಕೃತ ಪ್ರವೇಶದ ಮೂಲಕ ಸೀಟು ಪಡೆದ ಹುಡುಗರಿಗೆ ರಾಜರ್ಷಿ ಶಾಹು ಮಹಾರಾಜ ಶುಲ್ಕ ಯೋಜನೆಯಲ್ಲಿ ಬೋಧನಾ ಶುಲ್ಕದ ಅರ್ಧ ಭಾಗ ಸಿಗುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದು ಇಲ್ಲ. ಈ ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವ ಸೇತು ಕಚೇರಿಯಲ್ಲಿ ಪ್ರವೇಶದ ದಿನಗಳಲ್ಲಿ ನೂಕುನುಗ್ಗಲಿರುತ್ತದೆ, ಈ ವಾರವೇ ಹೋಗಿ ಬನ್ನಿ.