ತಿಂಗಳಲ್ಲಿ 20 ದಿನ ತಲೆನೋವು: ವ್ಯಾಯಾಮ ಒಂದೇ ಸಾಕಾ, ಅಮಿಟ್ರಿಪ್ಟಿಲಿನ್ ಬೇಕೇ ಬೇಕಾ?

ಮೂಡಿಗೆರೆ ತಮ್ಮ:
ಅಕ್ಕನಿಗೆ 36 ವರ್ಷ, ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ಎರಡೂ ಕಡೆ ನೋವು, ಕತ್ತು ಹಿಡಿದಿರುತ್ತೆ, ವಾಂತಿ ಇಲ್ಲ. ನಾಲ್ಕು ತಿಂಗಳಿಂದ ನೋವಿದ್ದ ದಿನವೆಲ್ಲ ಪ್ಯಾರಸಿಟಮಾಲ್ 500, ಮಧ್ಯೆ ಕೆಫೀನ್ ಸೇರಿದ ಮಾತ್ರೆ. ಡಾಕ್ಟರ್ ಪರೀಕ್ಷೆ ಮಾಡಿ ಟೆನ್ಷನ್ ತಲೆನೋವು ಅಂದರು. ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಬರೆದು, ಸ್ನಾಯು ಸಡಿಲಿಸೋ ವ್ಯಾಯಾಮನೂ ಮಾಡಿ ಅಂದಿದ್ದಾರೆ. "ಅದು ಖಿನ್ನತೆ ಮಾತ್ರೆ, ನನಗ್ಯಾಕೆ" ಅಂತ ಅಕ್ಕ ಶುರುವೇ ಮಾಡಿಲ್ಲ.

ಬೇಲೂರು ಫಾರ್ಮಸಿಸ್ಟ್:
ಮೊದಲು ಕ್ಯಾಲೆಂಡರ್‌ನಲ್ಲಿ ಮಾತ್ರೆ ನುಂಗಿದ ದಿನಗಳಿಗೆ ಗುರುತು ಹಾಕಿ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಥರದ್ದು ತಿಂಗಳಿಗೆ 15 ದಿನ, ಕೆಫೀನ್ ಸೇರಿದ್ದು ಅಥವಾ ಮೈಗ್ರೇನಿನ ಟ್ರಿಪ್ಟಾನ್ 10 ದಿನ, ಹೀಗೆ ಮೂರು ತಿಂಗಳು ಮೀರಿದರೆ ಮಾತ್ರೆಯೇ ತಲೆನೋವು ತರಿಸುತ್ತೆ. ನಿಮ್ಮ ಅಕ್ಕ ಈ ಗಡಿ ದಾಟಿದ್ದಾರೆ. ಡಾಕ್ಟರಿಗೆ ಹೇಳಿ ನಿಲ್ಲಿಸಬೇಕು. ನಿಲ್ಲಿಸಿದ ಮೊದಲ ವಾರ, ಹತ್ತು ದಿನ ನೋವು ಹೆಚ್ಚೇ ಆಗುತ್ತೆ. ಬಹಳ ಜನ ಅಲ್ಲೇ ಸೋತು ಮತ್ತೆ ಸ್ಟ್ರಿಪ್ ಕೈಗೆತ್ತಿಕೊಳ್ಳೋದು.

ಆಮೇಲೆ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ. ತಗೊಳ್ಳೋ ದಿನ ನೋವು ಶುರುವಿನಲ್ಲೇ ಸರಿಯಾದ ಪ್ರಮಾಣ ತಗೊಳ್ಳಿ: ಲಿವರ್ ತೊಂದರೆ ಇಲ್ಲದ, 50 ಕೆ.ಜಿ. ಮೇಲಿನ ವಯಸ್ಕರಿಗೆ ಪ್ಯಾರಸಿಟಮಾಲ್ 1000 ಮಿ.ಗ್ರಾಂ. ಅರ್ಧರ್ಧ ನುಂಗುತ್ತಾ ಹೋದರೆ ನೋವೂ ಇಳಿಯಲ್ಲ, ಲೆಕ್ಕವೂ ಏರುತ್ತೆ.

ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಕೊಡೋದು ಸಾಮಾನ್ಯವಾಗಿ 75 ಮಿ.ಗ್ರಾಂ ಮತ್ತು ಮೇಲೆ. 10ರಲ್ಲಿ ಅದು ನೋವಿನ ನರಮಾರ್ಗವನ್ನು ತಣಿಸೋ ಔಷಧಿ. ಬೆಳಿಗ್ಗೆ ಮಂಪರು ಇದ್ದರೆ ಮಲಗೋ ಹೊತ್ತಿಗೆ ಬದಲು ರಾತ್ರಿ ಎಂಟಕ್ಕೇ ತಗೊಳ್ಳಲಿ. ಬಾಯಿ ಒಣಗೋದು, ಮಲಬದ್ಧತೆ ಬರಬಹುದು. ಆರೆಂಟು ವಾರಕ್ಕೆ ಮೊದಲು "ಕೆಲಸ ಮಾಡ್ಲಿಲ್ಲ" ಅನ್ನಬಾರದು, ತಾವಾಗಿ ಥಟ್ಟನೆ ನಿಲ್ಲಿಸಲೂಬಾರದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹೃದಯ ಬಡಿತದ ತೊಂದರೆ, ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ಸೇವನೆ ಇದ್ದರೆ ಶುರುವಿಗೆ ಮುಂಚೆಯೇ ಡಾಕ್ಟರಿಗೆ ತಿಳಿಸಿ.

ಹಾಸನ ಫಿಸಿಯೋ:
ಎರಡೂ ಬೇಕು. ಅಮೆರಿಕದಲ್ಲಿ 203 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆನೋವು ಕನಿಷ್ಠ ಅರ್ಧದಷ್ಟು ಇಳಿದದ್ದು ಅಮಿಟ್ರಿಪ್ಟಿಲಿನ್ ಗುಂಪಿನ ಮಾತ್ರೆಯಿಂದ ಶೇ. 38, ಒತ್ತಡ ನಿಭಾಯಿಸೋ ತರಬೇತಿಯಿಂದ (ಸ್ನಾಯು ಸಡಿಲಿಸೋದೂ ಅದರಲ್ಲೇ ಸೇರಿತ್ತು) ಶೇ. 35, ಎರಡೂ ಸೇರಿದಾಗ ಶೇ. 64 ಜನರಿಗೆ.

ವ್ಯಾಯಾಮ ಹೀಗೆ. ಕುರ್ಚಿಗೆ ಬೆನ್ನು ಒರಗಿಸಿ ಕೂತ್ಕೊಳ್ಳಿ. ಮುಷ್ಟಿ 5-7 ಸೆಕೆಂಡ್ ಬಿಗಿದು, ಒಮ್ಮೆಲೇ ಬಿಟ್ಟು, 20-30 ಸೆಕೆಂಡ್ ಆ ವ್ಯತ್ಯಾಸ ಗಮನಿಸಬೇಕು. ಹಾಗೇ ತೋಳು, ಹಣೆ (ಹುಬ್ಬು ಮೇಲೆತ್ತಿ), ಕಣ್ಣು, ದವಡೆ, ಭುಜ (ಕಿವಿಯತ್ತ ಎತ್ತಿ), ಹೊಟ್ಟೆ, ಕಾಲು. ಒಟ್ಟು 15-20 ನಿಮಿಷ, ದಿನಾ, ನೋವು ಇರಲಿ ಬಿಡಲಿ. ನೋವು ಬಂದ ಮೇಲಷ್ಟೇ ಮಾಡಿದರೆ ಕಲಿತ ಹಾಗಾಗಲ್ಲ.

ತಪ್ಪಾಗೋದು ಇಲ್ಲಿ: ಪೂರ್ತಿ ಬಲ ಹಾಕಿ ಬಿಗಿದರೆ ದವಡೆ, ಕತ್ತಲ್ಲಿ ಸೆಳೆತ ಬಂದು ನೋವು ಜಾಸ್ತಿ. ಮುಕ್ಕಾಲು ಬಲ ಸಾಕು, ಕತ್ತಿಗೆ ಇನ್ನೂ ಕಮ್ಮಿ. ಉಸಿರು ಕಟ್ಟಬೇಡಿ. ಹಾಸಿಗೆಯಲ್ಲಿ ಮಾಡಿದರೆ ನಿದ್ದೆ ಬಂದುಬಿಡುತ್ತೆ. ಮೂರು ವಾರ ಆದಮೇಲೆ ಹಣೆ, ದವಡೆ, ಭುಜ ಇಷ್ಟೇ ಸಾಕು. ಕೊನೆಗೆ ಬಿಗಿಯೋದನ್ನೂ ಬಿಟ್ಟು, ಉಸಿರು ಬಿಡುವಾಗ ಮನಸ್ಸಲ್ಲೇ "ಸಡಿಲ" ಅಂದುಕೊಂಡು ಭುಜ ಇಳಿಸೋದು. ಇದು ಕಂಪ್ಯೂಟರ್ ಮುಂದೆಯೇ ಅರ್ಧ ನಿಮಿಷದಲ್ಲಿ ಆಗುತ್ತೆ. ನನ್ನ ಪ್ರಕಾರ ಇಡೀ ಕ್ರಮದ ಫಲ ಇರೋದೇ ಈ ಹಂತದಲ್ಲಿ.

ಮೂಡಿಗೆರೆ ತಮ್ಮ:
ತುಂಬ ಉಪಕಾರ. ಅಕ್ಕ ದಿನಕ್ಕೆ ಆರು ಲೋಟ ಫಿಲ್ಟರ್ ಕಾಫಿ ಕುಡೀತಾಳೆ. ಅದನ್ನೂ ನಿಲ್ಲಿಸಬೇಕಾ?

ಬೇಲೂರು ಫಾರ್ಮಸಿಸ್ಟ್:
ಒಂದೇ ದಿನ ನಿಲ್ಲಿಸಿದರೆ 12-24 ಗಂಟೆಯಲ್ಲಿ ಕಾಫಿ ಬಿಟ್ಟ ತಲೆನೋವೇ ಹಿಡಿಯುತ್ತೆ, ಒಂದು ವಾರದವರೆಗೂ ಇರಬಹುದು. ಮೂರ್ನಾಲ್ಕು ದಿನಕ್ಕೊಂದು ಲೋಟ ಇಳಿಸಿ ಎರಡಕ್ಕೆ ತನ್ನಿ, ಸಂಜೆಯದ್ದು ಮೊದಲು ಹೋಗಲಿ. ಭಾನುವಾರ ತಡವಾಗಿ ಎದ್ದಾಗ ಬರೋ ನೋವು ಎಷ್ಟೋ ಸಲ ಮೊದಲ ಲೋಟ ತಪ್ಪಿದ್ದಕ್ಕೇ.

ಇನ್ನೊಂದು, ನಮ್ಮ ಕಡೆಯವರೆಲ್ಲ ನೆನಪಿಡಬೇಕಾದ್ದು. ನವೆಂಬರಿನಿಂದ ಮೇವರೆಗೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಾಡಂಚಲ್ಲಿ ಓಡಾಡಿದವರಿಗೆ ಜ್ವರದ ಜೊತೆ ಜೋರು ತಲೆನೋವು ಬಂದರೆ ಅದನ್ನು ಟೆನ್ಷನ್ ಅನ್ನಬೇಡಿ. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಇರಬಹುದು. ರಕ್ತಸ್ರಾವದ ಭಯ ಇರೋದರಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ. ಪ್ಯಾರಸಿಟಮಾಲ್ ಮಾತ್ರ ಕೊಟ್ಟು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಿಡಿಲು ಹೊಡೆದ ಹಾಗೆ ಥಟ್ಟನೆ ಬಂದ ನೋವು, ಕೈಕಾಲು ಸೋತದ್ದು, ಮಾತು ತೊದಲಿದ್ದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಇವಕ್ಕೂ ವ್ಯಾಯಾಮ ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.